ಕಾರು ಶೆಡ್ಡೂ ಮೇಲಿನ ಮನೆಯೂ

ನಮ್ಮ ಕಡೆ ದೀಪವನ್ನು 'ಆರಿಸು' ಎನ್ನುವುದಿಲ್ಲ. 'ದೊಡ್ಡದು ಮಾಡು' ಎನ್ನುತ್ತೇವೆ, ಇಲ್ಲವೇ 'ಶಾಂತ ಮಾಡು' ಎನ್ನುತ್ತೇವೆ. ಈಗಿನ ಮಕ್ಕಳಿಗೆ ಇದು ಮೂಢನಂಬಿಕೆಯಂತೆ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬೆಂಕಿ ಎಂದರೆ ಮನೆಯೊಳಗೆ ಇರಿಸಿಕೊಂಡ ಸಿಡುಕಿನ ಹಿರಿಯರ ಹಾಗೆ. ಅವರಿಲ್ಲದೆ ಮನೆ ನಡೆಯುವುದಿಲ್ಲ, ಅವರ ಎದುರು ಸಲಿಗೆಯೂ ನಡೆಯುವುದಿಲ್ಲ. ಮಾತಾಡುವಾಗ ನಾಲಿಗೆಯ ಮೇಲೆ ಹಿಡಿತವಿರಬೇಕು, ಓಡಾಡುವಾಗ ಸೆರಗಿನ ಮೇಲೆ ಹಿಡಿತವಿರಬೇಕು. ಆ ಎಚ್ಚರವನ್ನೇ ನಮ್ಮ ಹಿರಿಯರು ಒಂದು ಮಾತಿನೊಳಗೆ ಕಟ್ಟಿಟ್ಟಿದ್ದಾರೆ.

ಮನೆಯ ಬೆಂಕಿಯ ಲೆಕ್ಕ ಇಡುವ ಕೆಲಸ ಮೊದಲಿನಿಂದಲೂ ಹೆಂಗಸರದು. ರಾತ್ರಿ ಮಲಗುವ ಮುನ್ನ ಗಂಡಸರು ಬಾಗಿಲ ಚಿಲಕ ನೋಡುತ್ತಾರೆ. ನಾವು ಬೆಂಕಿ ನೋಡುತ್ತೇವೆ. ನನ್ನ ತವರಿನಲ್ಲಿ ಅಮ್ಮ ಬಚ್ಚಲ ಒಲೆಯ ಕೊಳ್ಳಿಗಳನ್ನು ಹೊರಗೆಳೆದು ನೀರು ಚಿಮುಕಿಸಿ, ಅಡುಗೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ದೇವರ ಮನೆಗೊಂದು ಸಲ ಇಣುಕಿ, ಆಮೇಲೆ ಮಲಗುತ್ತಿದ್ದಳು. ನಾನು ಗ್ಯಾಸಿನ ರೆಗ್ಯುಲೇಟರ್ ತಿರುಗಿಸುತ್ತೇನೆ, ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಕೀಳುತ್ತೇನೆ, ಸೊಳ್ಳೆ ಬತ್ತಿ ಪರದೆಯಿಂದ ದೂರವಿದೆಯೇ ಎಂದು ನೋಡುತ್ತೇನೆ. ಒಲೆ ಬದಲಾಗಿದೆ, ಕೆಲಸ ಬದಲಾಗಿಲ್ಲ.

ಆದರೆ ಈ ನಮ್ಮ ರಾತ್ರಿಯ ಸುತ್ತಿನಲ್ಲಿ ಕಾರು ಶೆಡ್ಡು ಎಂದೂ ಸೇರಿರಲಿಲ್ಲ. ಅದು ಗಂಡಸರ ಜಾಗ. ಹಳೇ ಟೈರು, ಪೈಂಟಿನ ಡಬ್ಬ, ತೂಕಕ್ಕೆ ಹಾಕಲು ಕಟ್ಟಿಟ್ಟ ಪೇಪರು, ತೆಂಗಿನಕಾಯಿ ಮೂಟೆ, ಮುರಿದ ಕುರ್ಚಿ, ಇವೆಲ್ಲವುಗಳ ನಡುವೆ ಒಂದು ಕಾರು. 2023ರಲ್ಲಿ ನಮ್ಮವರು ಹಳೇ ಪೆಟ್ರೋಲ್ ಕಾರು ಕೊಟ್ಟು ಇಲೆಕ್ಟ್ರಿಕ್ ಕಾರು ತಂದರು. ಆ ದಿನದಿಂದ ಶೆಡ್ಡಿನಲ್ಲೂ ಒಂದು ಒಲೆ ಹೊತ್ತಿಸಿದಂತಾಯಿತು. ಉರಿ ಕಾಣದ, ಹೊಗೆ ಬಾರದ, ರಾತ್ರಿಯಿಡೀ ಸದ್ದಿಲ್ಲದೆ ಕೆಲಸ ಮಾಡುವ ಒಲೆ. ಕಾರಿನ ಬಗ್ಗೆ ನನಗೆ ದೂರಿಲ್ಲ. ಸದ್ದಿಲ್ಲ, ವಾಸನೆಯಿಲ್ಲ, ಪೆಟ್ರೋಲ್ ಬಂಕಿನ ಸಾಲಿಲ್ಲ. ನನಗೂ ಅದು ಇಷ್ಟವೇ. ಪ್ರಶ್ನೆ ಎದ್ದದ್ದು ಬೇರೆ ಕಡೆಯಿಂದ.

ನಮ್ಮ ಮನೆಯ ನಕ್ಷೆಯನ್ನು ಸ್ವಲ್ಪ ಹೇಳಬೇಕು. ಮೂವತ್ತು ನಲವತ್ತರ ಸೈಟಿನಲ್ಲಿ 1994ರಲ್ಲಿ ಕಟ್ಟಿದ ಮನೆ. ಎಡಕ್ಕೆ ಶೆಡ್ಡು, ಶೆಡ್ಡಿನ ಗೋಡೆಗೆ ಅಂಟಿಕೊಂಡಂತೆ ನಮ್ಮತ್ತೆಯ ಕೋಣೆ. ಅವರಿಗೆ ಈಗ ಎಂಬತ್ತೆಂಟು, ಕೋಲಿಲ್ಲದೆ ಏಳಲಾರರು. ಆಮೇಲೆ ಬಾಡಿಗೆಗೆಂದು ಮೇಲೊಂದು ಮನೆ ಎತ್ತಿಸಿದೆವು. ಅದಕ್ಕೆ ಹೋಗುವ ಮೆಟ್ಟಿಲು ಶೆಡ್ಡಿನ ಪಕ್ಕದಿಂದಲೇ ಹತ್ತುತ್ತದೆ. ಬೇರೆ ಮೆಟ್ಟಿಲಿಲ್ಲ. ಅವರ ಮಲಗುವ ಕೋಣೆ ಸರಿಯಾಗಿ ಶೆಡ್ಡಿನ ನೆತ್ತಿಯ ಮೇಲೆ. ನಮ್ಮಂಥ ಊರುಗಳಲ್ಲಿ ನೂರಾರು ಮನೆಗಳು ಹೀಗೇ ಇವೆ. ನಿಮ್ಮ ಮನೆಯೂ ಹೀಗೇ ಇದ್ದೀತು.

ಮೇಲಿನ ಮನೆಯ ಹುಡುಗಿ ಆಸ್ಪತ್ರೆಯಲ್ಲಿ ನರ್ಸು. ತಿಂಗಳಲ್ಲಿ ಹತ್ತು ಹನ್ನೆರಡು ರಾತ್ರಿ ಪಾಳಿ. ಅಂಥ ರಾತ್ರಿಗಳಲ್ಲಿ ಅವಳ ಗಂಡ ಮತ್ತು ನಾಲ್ಕು ವರ್ಷದ ಮಗು ಇಬ್ಬರೇ ಮಲಗಿರುತ್ತಾರೆ. ಒಂದು ಸಂಜೆ ಡ್ಯೂಟಿಗೆ ಹೊರಟವಳು ಮೆಟ್ಟಿಲಿಳಿದು ನಿಂತಳು. ಶೆಡ್ಡಿನ ಗೋಡೆಯಿಂದ ಕಾರಿಗೆ ಹೋಗಿದ್ದ ಕೇಬಲನ್ನೇ ನೋಡುತ್ತ ಕೇಳಿದಳು:

"ಆಂಟಿ, ರಾತ್ರಿ ಇದು ಚಾರ್ಜಿಗೆ ಹಾಕಿದ್ದಾಗ ನಿಮ್ಮಲ್ಲಿ ಯಾರಾದ್ರೂ ಎದ್ದಿರ್ತೀರಾ?"

ಅವಳ ದನಿಯಲ್ಲಿ ತಕರಾರಿರಲಿಲ್ಲ. ಕೇಳಬಹುದೋ ಕೇಳಬಾರದೋ ಎಂಬ ಸಂಕೋಚವಿತ್ತು. ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವವರಿಗೆ ಮನೆಯ ಯಜಮಾನಿಯ ಹತ್ತಿರ ಮಾತಾಡುವಾಗ ಇರುವ ಸಂಕೋಚ ಅದು. ಆ ಸಂಕೋಚವೇ ನನ್ನನ್ನು ಯೋಚನೆಗೆ ಹಚ್ಚಿತು.

ನಮ್ಮವರಿಗೆ ಹೇಳಿದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ನೋಡಿದವರು. "ನೋಡು, ಅಂಕಿ ಅಂಶ ನೋಡಿದ್ರೆ ಪೆಟ್ರೋಲ್ ಕಾರೇ ಹೆಚ್ಚು ಬೆಂಕಿ ಹತ್ತೋದು. ಅಷ್ಟು ವರ್ಷ ಆ ಕಾರು ಅಲ್ಲೇ ನಿಂತಿತ್ತು, ಆಗ ಯಾರೂ ಕೇಳಲಿಲ್ಲ," ಎಂದರು.

ಅವರ ಮಾತು ಸುಳ್ಳಲ್ಲ. ಇಲೆಕ್ಟ್ರಿಕ್ ಕಾರುಗಳು ಬಹಳ ಓಡಾಡುವ ನಾರ್ವೆ, ಸ್ವೀಡನ್ನಿನಂಥ ದೇಶಗಳ ಲೆಕ್ಕ ನೋಡಿದರೆ, ಇರುವ ವಾಹನಗಳ ಪ್ರಮಾಣಕ್ಕೆ ಅವು ಪೆಟ್ರೋಲ್, ಡೀಸೆಲ್ ಕಾರುಗಳಿಗಿಂತ ಕಡಿಮೆಯೇ ಬೆಂಕಿಗೆ ಬೀಳುತ್ತವೆ. ಅವು ಹೊಸ ಕಾರುಗಳು, ಇನ್ನೂ ಮುದಿಯಾಗಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು; ಆದರೂ ಭಯಪಟ್ಟು ಓಡುವಂಥದ್ದೇನಿಲ್ಲ. ನಮ್ಮ ಕಾರಿನ ಬ್ಯಾಟರಿಯಲ್ಲಿ ಸುಮಾರು 30 ಯೂನಿಟ್ ಕರೆಂಟು ಹಿಡಿಸುತ್ತದೆ. ಅಡುಗೆಮನೆಯ 14.2 ಕೆ.ಜಿ. ಸಿಲಿಂಡರಿನಲ್ಲಿರುವ ಶಕ್ತಿಯನ್ನು ಇದೇ ಯೂನಿಟ್ಟಿನಲ್ಲಿ ಅಳೆದರೆ 180ರ ಹತ್ತಿರ ಬರುತ್ತದೆ. ಮೂವತ್ತೈದು ಲೀಟರ್ ಪೆಟ್ರೋಲ್ ತುಂಬಿದ ಟ್ಯಾಂಕಿನಲ್ಲಿ 300ಕ್ಕೂ ಹೆಚ್ಚು. ನಾವೇ ದಿನಾ ಆ ಸಿಲಿಂಡರಿನ ಪಕ್ಕ ನಿಂತು ಒಗ್ಗರಣೆ ಹಾಕುತ್ತೇವಲ್ಲ!

ಹಾಗಾದರೆ ಆ ಹುಡುಗಿ ಕೇಳಿದ್ದು ಸುಮ್ಮನೆ ಹೆದರಿಕೆಯೇ? ನಾನು ಸ್ವಲ್ಪ ಓದಿದೆ, ತಿಳಿದವರನ್ನು ಕೇಳಿದೆ. ಬೆಂಕಿಯ ಲೆಕ್ಕ ಇಡುವವಳಿಗೆ ಬೆಂಕಿಯ ಜಾತಕವೂ ಗೊತ್ತಿರಬೇಕಲ್ಲವೇ?

ಈ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಜಪಾನಿನಿಂದ. ಅದಕ್ಕೆ ದಾರಿ ಮಾಡಿದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಗುಡಿನಫ್ ಅವರಿಗೆ ಆಗ 97 ವರ್ಷ. ಮೊಬೈಲಿನಲ್ಲಿರುವುದೂ ಇದೇ ಬ್ಯಾಟರಿ, ಕಾರಿನಲ್ಲಿರುವುದೂ ಇದೇ. ಕಾರಿನಲ್ಲಿ ಅಂಥ ಹತ್ತಾರು, ಕೆಲವು ಕಾರುಗಳಲ್ಲಿ ಸಾವಿರಾರು ಕೋಶಗಳನ್ನು ಸೀಟಿನ ಕೆಳಗೆ ಒತ್ತಾಗಿ ಜೋಡಿಸಿರುತ್ತಾರೆ. ಪ್ರತಿ ಕೋಶದೊಳಗೂ ಎರಡು ಪದರಗಳ ನಡುವೆ ತಲೆಗೂದಲಿಗಿಂತ ತೆಳುವಾದ ಒಂದು ಪರದೆ, ಸುತ್ತ ಬೇಗ ಹೊತ್ತಿಕೊಳ್ಳುವ ಒಂದು ದ್ರಾವಣ. ತಯಾರಿಕೆಯ ದೋಷದಿಂದಲೋ, ಜಜ್ಜಿಹೋಗಿಯೋ, ಮಿತಿ ಮೀರಿ ಕಾದೋ ಆ ಪರದೆ ಹರಿದರೆ ಒಳಗೆ ಶಾಖ ಹುಟ್ಟುತ್ತದೆ. ಶಾಖದಿಂದ ಇನ್ನಷ್ಟು ಶಾಖ. ಒಂದು ಕೋಶದಿಂದ ಪಕ್ಕದ ಕೋಶಕ್ಕೆ. ಉಸಿರು ಕಟ್ಟಿಸುವ ವಿಷದ ಹೊಗೆ ಬರುತ್ತದೆ. ಮೇಲೆ ಪುಡಿ ಎರಚಿದರೆ ಉರಿ ತಗ್ಗಿದಂತೆ ಕಾಣುತ್ತದೆ, ಒಳಗಿನ ಕಾವು ತಗ್ಗಿರುವುದಿಲ್ಲ. ಅಗ್ನಿಶಾಮಕದವರು ಗಂಟೆಗಟ್ಟಲೆ ನೀರು ಸುರಿದು ಆರಿಸಿದ ಬ್ಯಾಟರಿ, ಮರುದಿನ ಮತ್ತೆ ಹೊತ್ತಿಕೊಂಡದ್ದುಂಟು.

ಇದನ್ನು ಕೇಳಿ ನಮ್ಮತ್ತೆ, "ಅಂದ್ರೆ ಬೂದಿ ಮುಚ್ಚಿದ ಕೆಂಡ ಅನ್ನು. ಅದಕ್ಕೇನು ಹೊಸ ಹೆಸರು?" ಎಂದರು.

ಎಲ್ಲ ಬ್ಯಾಟರಿಗಳೂ ಒಂದೇ ಅಲ್ಲ. ನಿಕಲ್ ಹೆಚ್ಚಿರುವ ಬಗೆ ಬೇಗ ಕೆರಳುತ್ತದೆ. ಕಬ್ಬಿಣ ಮತ್ತು ಫಾಸ್ಫೇಟಿನ ಬಗೆ ಹೆಚ್ಚು ಶಾಖ ತಡೆಯುತ್ತದೆ. ನಮ್ಮ ದೇಶದಲ್ಲಿ ಮಾರಾಟವಾಗುವ ಬಹಳಷ್ಟು ಕಾರುಗಳಲ್ಲಿ ಇರುವುದು ಅದೇ. 2022ರಲ್ಲಿ ಸ್ಕೂಟರುಗಳಿಗೆ ಒಂದರ ಮೇಲೊಂದು ಬೆಂಕಿ ಹತ್ತಿದ ಮೇಲೆ ಸರ್ಕಾರ ಬ್ಯಾಟರಿಯ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿ, ಆ ಡಿಸೆಂಬರಿನಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಇಷ್ಟೆಲ್ಲ ಸಮಾಧಾನವನ್ನು ಸೇರಿಸಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಅಪಾಯ ಬರುವುದು ಅಪರೂಪ. ಬಂದರೆ ಮಾತ್ರ ಏಳಲು ಹೆಚ್ಚು ಸಮಯ ಕೊಡುವುದಿಲ್ಲ.

ಏಳಲು ಸಮಯ! ಈ ಮಾತಿನ ಬಳಿ ನಾನು ನಿಂತೆ.

2022ರ ಮಾರ್ಚಿನಲ್ಲಿ ವೆಲ್ಲೂರಿನ ಒಂದು ಮನೆಯಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಇಲೆಕ್ಟ್ರಿಕ್ ಸ್ಕೂಟರಿಗೆ ಬೆಂಕಿ ಹತ್ತಿತು. ತಂದೆ ಮತ್ತು ಹದಿಮೂರು ವರ್ಷದ ಮಗಳು ತೀರಿಕೊಂಡರು. ಅವರನ್ನು ಕೊಂದದ್ದು ಉರಿಯಲ್ಲ, ಹೊಗೆ. ಅದೇ ವರ್ಷ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಕೆಳಗೆ ಇಲೆಕ್ಟ್ರಿಕ್ ಸ್ಕೂಟರಿನ ಅಂಗಡಿ, ಮೇಲೆ ಲಾಡ್ಜು ಇದ್ದ ಕಟ್ಟಡದಲ್ಲಿ ಬೆಂಕಿ ಎದ್ದು ಹೊಗೆ ಮೆಟ್ಟಿಲ ದಾರಿ ಹಿಡಿಯಿತು. ಎಂಟು ಜನ ಸತ್ತರು. ಆ ಊರಿಗೆ ಬೇರೆ ಕೆಲಸಕ್ಕೆ ಬಂದು ಕೋಣೆ ಹಿಡಿದು ಉಳಿದುಕೊಂಡವರು ಅವರು. ಕೆಳಗೆ ಏನಿದೆ ಎಂದು ಅವರಿಗೆ ಯಾರು ಹೇಳಿದ್ದರು? 2024ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಇಂಥದೊಂದು ಅಂಗಡಿಗೆ ಬೆಂಕಿ ಬಿದ್ದು, ಅಲ್ಲಿ ಕೆಲಸಕ್ಕಿದ್ದ ಇಪ್ಪತ್ತು ವರ್ಷದ ಹುಡುಗಿ ಹೊರಬರಲಾಗದೆ ಹೋದಳು.

ಇವೆಲ್ಲ ಸ್ಕೂಟರಿನ ಕಥೆ, ಕಾರಿನದಲ್ಲ ಎನ್ನಬಹುದು. ಕಾರಿನದೂ ಇದೆ. 2024ರ ಆಗಸ್ಟ್ 1ರ ಬೆಳಗಿನ ಜಾವ ದಕ್ಷಿಣ ಕೊರಿಯಾದ ಇಂಚಿಯೋನ್‌ನಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತಿದ್ದ ದುಬಾರಿ ಇಲೆಕ್ಟ್ರಿಕ್ ಕಾರೊಂದು ಹೊತ್ತಿಕೊಂಡಿತು. ಅದನ್ನು ಚಾರ್ಜಿಗೂ ಹಾಕಿರಲಿಲ್ಲ. ಎಂಟು ಗಂಟೆಗೂ ಹೆಚ್ಚು ಹೊತ್ತು ಉರಿಯಿತು. ಸಾವಾಗಲಿಲ್ಲ, ಆದರೆ ನೂರಾರು ಕಾರುಗಳು ಸುಟ್ಟು ಮಸಿ ಹಿಡಿದವು, ಜನ ಮನೆ ಬಿಟ್ಟು ಹೋಗಬೇಕಾಯಿತು. ಬೆಂಕಿಯ ಸೂಚನೆ ಬಂದಾಗ ಸುಳ್ಳು ಅಲಾರಂ ಇರಬೇಕೆಂದು ಅಲ್ಲಿನ ಸಿಬ್ಬಂದಿಯೊಬ್ಬರು ನೀರು ಚಿಮ್ಮುವ ವ್ಯವಸ್ಥೆಯನ್ನು ನಿಲ್ಲಿಸಿದ್ದರು ಎಂದು ಆಮೇಲೆ ಹೊರಬಿತ್ತು. ಅಮೆರಿಕದಲ್ಲಿ 2021ರಲ್ಲಿ ಷೆವರ್ಲೆ ಬೋಲ್ಟ್ ಎಂಬ ಕಾರಿನ ಬ್ಯಾಟರಿಯಲ್ಲಿ ದೋಷ ಕಂಡಾಗ, ಕಂಪನಿಯೇ ಗಿರಾಕಿಗಳಿಗೆ ಹೇಳಿತು: ಕಾರನ್ನು ಮನೆಯ ಹೊರಗೆ ನಿಲ್ಲಿಸಿ, ರಾತ್ರಿಯಿಡೀ ಒಳಗೆ ಚಾರ್ಜಿಗೆ ಬಿಡಬೇಡಿ. ದೋಷವಿದ್ದ ಬ್ಯಾಟರಿಗಳನ್ನು ಬದಲಾಯಿಸಿಕೊಡಲು ಅದು ಒಪ್ಪಿತು.

ಈ ಸುದ್ದಿಗಳನ್ನೆಲ್ಲ ಹೆದರಿಸಲು ಬರೆಯುತ್ತಿಲ್ಲ. ಎಲ್ಲದರಲ್ಲೂ ಒಂದೇ ಎಳೆ ಕಾಣುತ್ತದೆ. ವಾಹನ ಒಬ್ಬರದು, ಅದರ ಅನುಕೂಲ ಒಬ್ಬರದು. ಹೊಗೆ ಹೋಗಿ ಬಾಗಿಲು ತಟ್ಟಿದ್ದು ಇನ್ನೊಬ್ಬರದು.

ನಮ್ಮವರ ಲೆಕ್ಕ ಸರಿಯಿತ್ತು, ಪ್ರಶ್ನೆ ಮಾತ್ರ ಬೇರೆಯಿತ್ತು. 'ಅಪಾಯ ಎಷ್ಟು?' ಎಂಬುದು ಒಂದು ಪ್ರಶ್ನೆ. 'ಆ ಅಪಾಯ ಯಾರ ಪಕ್ಕದಲ್ಲಿ ಇಟ್ಟಿದೆ, ಅವರನ್ನು ಕೇಳಿ ಇಟ್ಟಿದೆಯೇ?' ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಂಕಿ ಅಂಶ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಕೊಡಲಾರದು. ಲಕ್ಷಕ್ಕೊಂದು ಎಂಬ ಅಪಾಯವನ್ನು ನಾನು ನನ್ನ ಮೇಲೆ ಎಳೆದುಕೊಳ್ಳಬಹುದು. ಅದು ನನ್ನ ಸ್ವಾತಂತ್ರ್ಯ. ಅದನ್ನೇ ಮಲಗಿರುವ ಮಗುವಿನ ಹಾಸಿಗೆಯ ಕೆಳಗೆ ಇಟ್ಟು, 'ಲಕ್ಷಕ್ಕೊಂದು ತಾನೇ?' ಎನ್ನುವ ಹಕ್ಕು ನನಗೆ ಎಲ್ಲಿಂದ ಬಂತು? ಮನೆ ನನ್ನ ಹೆಸರಿನಲ್ಲಿರಬಹುದು. ಮೇಲಿನವರ ನಿದ್ದೆ ನನ್ನ ಹೆಸರಿನಲ್ಲಿಲ್ಲ.

ಹಳ್ಳಿಯಲ್ಲಿ ನನ್ನ ಅಜ್ಜ ಹುಲ್ಲಿನ ಬಣವೆ ಒಟ್ಟುವಾಗ ಮೊದಲು ಸುತ್ತ ನೋಡುತ್ತಿದ್ದರು. ಒಲೆ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಪಕ್ಕದ ಮನೆಯ ಸೂರು ಎಷ್ಟು ದೂರ ಎಂದು. ಬಣವೆಗೆ ಬೆಂಕಿ ಬೀಳುತ್ತದೆ ಎಂದು ಅವರೇನೂ ನಂಬಿರಲಿಲ್ಲ. ಬಿದ್ದರೆ ಅದು ನನ್ನ ಹುಲ್ಲನ್ನಷ್ಟೇ ತಿಂದು ತಣ್ಣಗಾಗಲಿ ಎಂಬುದು ಲೆಕ್ಕ. ಜಾಗವಿದ್ದವರ ಲೆಕ್ಕ ಅದು, ನಿಜ. ಮೂವತ್ತು ನಲವತ್ತರ ಸೈಟಿನಲ್ಲಿ ದೂರವನ್ನು ಎಲ್ಲಿಂದ ತರುವುದು? ದೂರ ಕೊಡಲಾಗದವರು ಎಚ್ಚರವನ್ನಾದರೂ ಕೊಡಬೇಕು.

ಹೀಗೆ ನಾನು ಯೋಚಿಸುತ್ತಿರುವಾಗಲೇ ವಿಷಯ ಇನ್ನೊಂದು ಮಗ್ಗುಲಿಗೆ ಹೊರಳಿತು. ಮೇಲಿನ ಮನೆಯ ಹುಡುಗಿಯ ಗಂಡ ಪಾರ್ಸೆಲ್ ಹಂಚುವ ಕೆಲಸದವನು. ಪೆಟ್ರೋಲ್ ಖರ್ಚು ಉಳಿಯಲಿ ಎಂದು ಅವನೂ ಸಾಲ ಮಾಡಿ ಒಂದು ಇಲೆಕ್ಟ್ರಿಕ್ ಸ್ಕೂಟರ್ ತಂದ. ಅದನ್ನು ನಿಲ್ಲಿಸಲು ಅವನಿಗಿರುವ ಜಾಗ ಮೆಟ್ಟಿಲ ಕೆಳಗೆ ಮಾತ್ರ. ಮೇಲಿನಿಂದ ಕಿಟಕಿಯ ಮೂಲಕ ಎಕ್ಸ್‌ಟೆನ್ಷನ್ ವೈರು ಇಳಿಬಿಟ್ಟು ರಾತ್ರಿ ಚಾರ್ಜಿಗೆ ಹಾಕಿದ. ನಮ್ಮವರಿಗೆ ಸಿಟ್ಟು ಬಂತು. "ಮೆಟ್ಟಿಲ ಕೆಳಗೆ ಇದೆಲ್ಲ ಬೇಡ ಅಂತ ಹೇಳಿಬಿಡ್ತೀನಿ. ಏನಾದ್ರೂ ಆದ್ರೆ ಮನೆ ನಮ್ದು," ಎಂದರು.

"ರೀ, ಹೇಳೋಣ. ಆದ್ರೆ ಅವನು 'ನಿಮ್ ಕಾರು ನನ್ ಮಗು ಕೆಳಗೆ ಇದೆಯಲ್ಲ ಸಾರ್' ಅಂದ್ರೆ ಏನು ಹೇಳ್ತೀರಿ?" ಎಂದೆ.

ಅವರು ಸುಮ್ಮನಾದರು. ಬಹಳ ಹೊತ್ತಿನ ಮೇಲೆ, "ಅವನು ಹಾಗೆ ಕೇಳೋದಿಲ್ಲ," ಎಂದರು.

ನಿಜ, ಅವನು ಕೇಳುವುದಿಲ್ಲ. ಕೇಳಲಾರದವರ ಪಾಲಿನ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳುವುದಕ್ಕೆ ಅಲ್ಲವೇ ನ್ಯಾಯ ಎನ್ನುವುದು? ಶೆಡ್ಡು ಇರುವವರ ಬೆಂಕಿ ಸುರಕ್ಷಿತ, ಶೆಡ್ಡಿಲ್ಲದವರ ಬೆಂಕಿ ಅಪಾಯ ಎಂಬ ಕಾನೂನು ಎಲ್ಲಿದೆ? ಅವನ ವೈರು ಇಳಿಬಿಟ್ಟದ್ದು ತಪ್ಪೇ. ಆದರೆ ಸರಿಯಾದ ಜಾಗ ಅವನಿಗೆ ಎಲ್ಲಿತ್ತು? ಬಡವನ ಅಜಾಗರೂಕತೆ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಸಲ ಅರ್ಧ ಪಾಲು ಜಾಗದ ಕೊರತೆ.

ಆ ಭಾನುವಾರ ಎರಡು ಮನೆಯವರೂ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆವು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದ್ದೆವು. ವಯಸ್ಸಾದವರು, ಹೆಂಗಸರ ಪ್ರಶ್ನೆಗೂ ಮುಖ ಕೊಟ್ಟು ಉತ್ತರ ಹೇಳುವವರು. ಅವರು ಬ್ಯಾಟರಿಯನ್ನು ನೋಡಲೇ ಇಲ್ಲ, ಗೋಡೆಯನ್ನು ನೋಡಿದರು.

"ಅಮ್ಮಾ, ನಿಮ್ಮ ಗೀಸರು ಎಷ್ಟು ಹೊತ್ತು ಹಾಕ್ತೀರಿ?" ಎಂದು ಕೇಳಿದರು.

"ಹತ್ತು ಹದಿನೈದು ನಿಮಿಷ."

"ಕಾರು ಅಂದ್ರೆ ಗೀಸರಿಗಿಂತ ದೊಡ್ಡದನ್ನ ಒಂಬತ್ತು ಗಂಟೆ ಬಿಡದೆ ಹಾಕಿದ ಹಾಗೆ. ಸಾಕೆಟ್ಟಿಗೆ ಸುಸ್ತಾಗೋದಿಲ್ವಾ?"

ಎಷ್ಟು ಸರಳವಾಗಿ ಹೇಳಿದರು! 15 ಆಂಪಿಯರಿನ ಪ್ಲಗ್ಗಿನಿಂದ ಚಾರ್ಜು ಮಾಡುವಾಗ ಕಾರು ಸುಮಾರು 3.3 ಕಿಲೋವ್ಯಾಟ್ ಎಳೆಯುತ್ತದೆ. ಅಂದರೆ ಸಾಕೆಟ್ಟು ತನ್ನ ಶಕ್ತಿಯ ತುದಿಯಲ್ಲಿ ಇಡೀ ರಾತ್ರಿ ನಿಂತಿರುತ್ತದೆ. ಎಲ್ಲಾದರೂ ಒಂದು ಸ್ಕ್ರೂ ಸಡಿಲವಿದ್ದರೆ ಅಲ್ಲಿ ಕಾವು ಏರುತ್ತದೆ. ಕರೆಂಟು ಎರಡರಷ್ಟಾದರೆ ಆ ಕಾವು ನಾಲ್ಕರಷ್ಟು. ಸಾಕೆಟ್ಟು ಕಂದುಬಣ್ಣಕ್ಕೆ ತಿರುಗುವುದು, ಪ್ಲಗ್ಗು ಮುಟ್ಟಿದರೆ ಚುರುಕ್ಕೆನ್ನುವುದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಇವು ಗೋಡೆ ಕೊಡುವ ಸೂಚನೆಗಳು. ಮನೆಯಲ್ಲಿ ಚಾರ್ಜು ಮಾಡುವವರು ಮೊದಲು ಅಂಜಬೇಕಾದದ್ದು ಕಾರಿಗಲ್ಲ, ಮೂವತ್ತು ವರ್ಷದ ಹಳೇ ವೈರಿಂಗಿಗೆ. ಈ ಮಾತು ನನಗೆ ಧೈರ್ಯ ಕೊಟ್ಟಿತು. ಬ್ಯಾಟರಿಯ ಒಳಗನ್ನು ನಾನು ನೋಡಲಾರೆ. ಪ್ಲಗ್ಗನ್ನು ಮುಟ್ಟಿ ನೋಡಬಲ್ಲೆ.

ಅವರು ಹೇಳಿದಂತೆ ಮಾಡಿಸಿದೆವು. ಮೀಟರ್ ಬೋರ್ಡಿನಿಂದ ಕಾರಿಗೆಂದೇ ಬೇರೆ ದಪ್ಪ ವೈರು, ಅದಕ್ಕೆ ಬೇರೆ ಎಂಸಿಬಿ, ಕರೆಂಟು ಸೋರಿದರೆ ಕೂಡಲೇ ಕಡಿಯುವ ಆರ್‌ಸಿಸಿಬಿ. ಅರ್ತಿಂಗ್ ಗುಂಡಿಯನ್ನು ಮತ್ತೆ ತೋಡಿಸಿ ಇದ್ದಿಲು, ಉಪ್ಪು ಹಾಕಿಸಿದೆವು. ಬೇಸಿಗೆಯಲ್ಲಿ ಅದಕ್ಕೆ ಆಗಾಗ ಒಂದು ಕೊಡ ನೀರು ಹುಯ್ಯುವ ಕೆಲಸ ನನ್ನದಾಯಿತು. ತುಳಸಿ ಕಟ್ಟೆಯ ಪಕ್ಕದಲ್ಲೇ ಅದೂ ಇರುವುದರಿಂದ ಮರೆಯುವುದಿಲ್ಲ. ಮೆಟ್ಟಿಲ ಕೆಳಗೆ ಇನ್ನು ಮುಂದೆ ಯಾವ ಗಾಡಿಯೂ ಇಲ್ಲ, ಚಪ್ಪಲಿ ಸ್ಟ್ಯಾಂಡೂ ಇಲ್ಲ. ಇಳಿದು ಓಡುವ ದಾರಿ ದಾರಿಯಾಗಿಯೇ ಇರಬೇಕು. ಸ್ಕೂಟರಿಗೆ ಕಾಂಪೌಂಡಿನ ಮೂಲೆಯಲ್ಲಿ ಒಂದು ತಗಡಿನ ಸೂರು, ಅದಕ್ಕೊಂದು ಸರಿಯಾದ ಪಾಯಿಂಟು. ಖರ್ಚನ್ನು ನಾವೇ ಹಾಕಿಕೊಂಡೆವು. ಕರೆಂಟಿನ ಬಿಲ್ಲು ಅವರದು. ಕಾರನ್ನು ಶೆಡ್ಡಿನಿಂದ ಹೊರಗೆ, ಗೇಟಿನ ಒಳಬದಿಯ ತೆರೆದ ಜಾಗಕ್ಕೆ ತಂದು ಚಾರ್ಜು ಮಾಡುವುದೆಂದು ನಿಶ್ಚಯವಾಯಿತು. ಮಳೆ ಜೋರಾದ ದಿನ ಶೆಡ್ಡಿನಲ್ಲೇ, ಆದರೆ ಹಗಲು ಹೊತ್ತು, ಮನೆಯವರು ಎದ್ದಿರುವಾಗ.

ಶೆಡ್ಡನ್ನು ಖಾಲಿ ಮಾಡಿಸುವುದೇ ಕಷ್ಟವಾಯಿತು. ಪೇಪರಿನ ಕಟ್ಟು, ಗೋಣಿಚೀಲ, ಪೈಂಟು, ಥಿನ್ನರು, ಅಲ್ಲೇ ನಿಲ್ಲಿಸುತ್ತಿದ್ದ ಎರಡನೇ ಸಿಲಿಂಡರು, ಎಲ್ಲ ಹೊರಗೆ ಬಂದವು. ನಮ್ಮವರು ಮುರಿದ ಕುರ್ಚಿಯೊಂದನ್ನು ಬಿಟ್ಟುಕೊಡಲು ಒಂದು ವಾರ ತೆಗೆದುಕೊಂಡರು. ಶೆಡ್ಡಿನಲ್ಲೂ ಮೆಟ್ಟಿಲ ತುದಿಯಲ್ಲೂ ಹೊಗೆ ಕಂಡರೆ ಕೂಗುವ ಪುಟ್ಟ ಅಲಾರಂ ಒಂದೊಂದು ಹಾಕಿಸಿದೆವು. ಅತ್ತೆಯ ಹಾಸಿಗೆಯನ್ನು ಶೆಡ್ಡಿನ ಗೋಡೆಯಿಂದ ತೆಗೆದು ಹಾಲಿನ ಪಕ್ಕದ ಕೋಣೆಗೆ ಸಾಗಿಸಿದೆವು. ಅವರು ಗೊಣಗಿದರು; ಆಮೇಲೆ ಆ ಕೋಣೆಯಿಂದ ಬೀದಿ ಕಾಣುತ್ತದೆಂದು ಗೊತ್ತಾಗಿ ಸುಮ್ಮನಾದರು.

ಇನ್ನೊಂದು ಮಾತನ್ನು ಎಲ್ಲರೂ ಸೇರಿ ಗಟ್ಟಿ ಮಾಡಿಕೊಂಡೆವು. ಕಾರಿನ ಅಡಿಯಿಂದ ಬುಸ್ಸೆನ್ನುವ ಸದ್ದು, ಬಿಳಿ ಹೊಗೆ, ಕಟು ವಾಸನೆ ಏನಾದರೂ ಬಂದರೆ ಹತ್ತಿರ ಹೋಗಿ ನೋಡುವುದಿಲ್ಲ, ಬಕೀಟು ಹುಡುಕುವುದಿಲ್ಲ, ಕಾರು ಉಳಿಸುವುದಿಲ್ಲ. ಜನರನ್ನು ಎಬ್ಬಿಸಿ ಹೊರಗೆ ನಡೆಯುವುದು, ಆಮೇಲೆ 101ಕ್ಕೋ 112ಕ್ಕೋ ಫೋನು ಮಾಡಿ 'ಇಲೆಕ್ಟ್ರಿಕ್ ಗಾಡಿ' ಎಂದು ಬಾಯಿಬಿಟ್ಟು ಹೇಳುವುದು. ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರು ವೈರಿನ ಬೆಂಕಿಗೆ, ಪೇಪರಿನ ಬೆಂಕಿಗೆ. ಬ್ಯಾಟರಿಯ ಒಳಗಿನ ಬೆಂಕಿಗೆ ಅದು ಸಾಲದು. ಗಾಡಿ ಎಲ್ಲಾದರೂ ಜೋರಾಗಿ ಗುದ್ದಿಸಿಕೊಂಡಿದ್ದರೆ, ನೀರಿನಲ್ಲಿ ಮುಳುಗಿದ್ದರೆ, ಕಂಪನಿಯವರು ನೋಡುವ ತನಕ ಮನೆಯ ಒಳಗೆ ತರುವುದಿಲ್ಲ.

ಇಷ್ಟಕ್ಕೆಲ್ಲ ಬೇರೆಯವರು ನಕ್ಕದ್ದೂ ಉಂಟು. 'ಏನೂ ಆಗೋದಿಲ್ಲ ಬಿಡಿ, ಆಗೋದಿದ್ರೆ ಯಾರು ತಪ್ಪಿಸ್ತಾರೆ, ಎಲ್ಲ ಹಣೆಬರಹ,' ಎಂದರು ಒಬ್ಬರು. ಹಣೆಬರಹ, ಆಕಸ್ಮಿಕ ಎಂಬ ಮಾತುಗಳನ್ನು ಕೇಳಿದರೆ ನನಗೆ ಒಂದು ಹಳೆಯ ಕಾಲ ನೆನಪಾಗುತ್ತದೆ. ನಾನು ಮದುವೆಯಾಗಿ ಬಂದ ಎಂಬತ್ತರ ದಶಕದಲ್ಲಿ 'ಸ್ಟೌ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಸ್ಟೌ ಸೊಸೆಯರನ್ನೇ ಏಕೆ ಹುಡುಕಿ ಸಿಡಿಯುತ್ತದೆ ಎಂದು ಕೇಳಿದವರು ಮೊದಮೊದಲು ಕಡಿಮೆ. ಹೆಣ್ಣುಮಕ್ಕಳೇ ಬೀದಿಗಿಳಿದು ಕೇಳಿದ ಮೇಲೆ, 1986ರಲ್ಲಿ, 'ವರದಕ್ಷಿಣೆ ಸಾವು' ಎಂಬ ಅಪರಾಧ ದಂಡಸಂಹಿತೆಗೆ ಸೇರಿತು. ಅದಕ್ಕೂ ಇದಕ್ಕೂ ಹೋಲಿಕೆಯಿಲ್ಲ; ಅದು ಪಾಪ, ಇದು ಬರೀ ಉದಾಸೀನ. ಆದರೆ ಆ ಕಾಲ ನನಗೆ ಒಂದು ಪಾಠ ಕಲಿಸಿದೆ. ಅಕಸ್ಮಾತ್ ಎಂದರೆ 'ಕಾರಣವಿಲ್ಲದೆ' ಎಂದು ಅರ್ಥ. ಮನೆಯೊಳಗಿನ ಬೆಂಕಿಗೆ ಕಾರಣವಿಲ್ಲದಿರುವುದು ತೀರ ಅಪರೂಪ. ಕಾರಣ ಕೇಳುವವರಿಲ್ಲದಿರುವುದೇ ಹೆಚ್ಚು.

ಎಚ್ಚರವೂ ಭಯವೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಭಯ ತನ್ನ ಸುತ್ತ ಮಾತ್ರ ನೋಡುತ್ತದೆ: ನನಗೇನಾಗುತ್ತದೆ, ನನ್ನ ಕಾರಿಗೇನಾಗುತ್ತದೆ ಎಂದು. ಎಚ್ಚರ ಪಕ್ಕದವರನ್ನೂ ನೋಡುತ್ತದೆ. ಭಯಪಟ್ಟವರು ಕಾರು ಮಾರಿಬಿಡುತ್ತಾರೆ, ಇಲ್ಲವೇ ಭಯ ತಾಳಲಾರದೆ ಏನೂ ಆಗುವುದಿಲ್ಲವೆಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಎಚ್ಚರವಿದ್ದವರು ಸ್ಕ್ರೂ ಬಿಗಿ ಮಾಡಿಸುತ್ತಾರೆ, ದಾರಿ ತೆರವು ಮಾಡುತ್ತಾರೆ, ನಿದ್ದೆ ಮಾಡುತ್ತಾರೆ. ಮಾಡಬೇಕಾದದ್ದೆಲ್ಲ ಮಾಡಿದ ಮೇಲೂ ಉಳಿಯುವ ಒಂದಿಷ್ಟು ಅಪಾಯವಿದೆಯಲ್ಲ, ಅದು ಬದುಕಿನದೇ ಪಾಲು. ಅದನ್ನು ಪಕ್ಕದವರು ತಿಳಿದು, ಒಪ್ಪಿ, ನಮ್ಮೊಡನೆ ಹಂಚಿಕೊಂಡಾಗ ಅದರ ಭಾರ ಬೇರೆಯೇ ಆಗುತ್ತದೆ.

ನಮ್ಮತ್ತೆಯ ಚಿಕ್ಕಂದಿನಲ್ಲಿ ಬೆಳಗ್ಗೆ ಒಲೆ ಹೊತ್ತಿಸಲು ಬೆಂಕಿಕಡ್ಡಿ ಗೀರುವುದು ದುಂದು ಎನ್ನಿಸುತ್ತಿತ್ತಂತೆ. ಬೆರಣಿಯ ಚೂರು ಹಿಡಿದು ಪಕ್ಕದ ಮನೆಗೆ ಹೋಗಿ ಒಂದು ಕೆಂಡ ತರುತ್ತಿದ್ದರಂತೆ. ಕೆಂಡ ಕೊಟ್ಟವಳು, 'ಹುಷಾರು ಕಣೇ, ಗಾಳಿ ಇದೆ, ಸೆರಗು ಸಿಕ್ಕಿಸಿಕೋ' ಎಂದು ಹೇಳಿಯೇ ಕಳಿಸುತ್ತಿದ್ದಳಂತೆ. ಬೆಂಕಿ ಮನೆಯಿಂದ ಮನೆಗೆ ಹೋಗುವಾಗ ಒಂದು ಎಚ್ಚರದ ಮಾತೂ ಜೊತೆಗೆ ಹೋಗುತ್ತಿತ್ತು. ಈಗ ಬೆಂಕಿ ತಂತಿಯಲ್ಲಿ ಬರುತ್ತದೆ, ಯಾರ ಕೈಯಿಂದಲೂ ಬರುವುದಿಲ್ಲ. ಆದ್ದರಿಂದ ಆ ಮಾತನ್ನು ನಾವೇ ನೆನಪಿಟ್ಟುಕೊಂಡು ಹೇಳಬೇಕಾಗಿದೆ. ನಿಮ್ಮ ಮನೆಯಲ್ಲೂ ಇಂಥ ಗಾಡಿ ಬಂದಿದ್ದರೆ, ಬರಲಿದ್ದರೆ, ಅಂಗಡಿಯವನು ಕೊಟ್ಟ ಪುಸ್ತಕ ಓದುವ ಮೊದಲು ಒಂದು ಸಲ ಶೆಡ್ಡಿನಲ್ಲಿ ನಿಂತು ಸುತ್ತ ನೋಡಿ. ಈ ಗೋಡೆಯ ಆಚೆ ಯಾರು ಮಲಗುತ್ತಾರೆ? ಮೇಲೆ ಯಾರು? ಅವರು ಓಡಿ ಬರುವ ದಾರಿ ಯಾವುದು? ಆಮೇಲೆ ಅವರ ಬಾಗಿಲು ತಟ್ಟಿ, ಹಗಲು ಹೊತ್ತಿನಲ್ಲಿ, ನಿಧಾನವಾಗಿ, ವಿಷಯ ಹೇಳಿ.